ಸಂಬಳ ಒಂದೇ, ಸೈಟು ಬೇರೆ: ಬೆಂಗಳೂರಲ್ಲಿ ಯಾರು ಎಲ್ಲಿರಬೇಕು ಅಂತ ನೆಲ ಹೇಗೆ ತೀರ್ಮಾನ ಮಾಡತ್ತೆ

ನಮ್ಮ ಆಫೀಸಲ್ಲಿ ಇಬ್ರು ಇದ್ದಾರೆ, ಒಂದೇ ವರ್ಷ ಸೇರಿದವರು, ಸ್ಕೇಲೂ ಒಂದೇ, ತಿಂಗಳ ಕೊನೇಲಿ ಇಬ್ರ ಕೈಗೂ ಬರೋದು ಹೆಚ್ಚುಕಮ್ಮಿ ಅಷ್ಟೇ ದುಡ್ಡು. ಒಬ್ರು ಜಯನಗರದವರು, ಮಗಳನ್ನ ಸ್ಕೂಲಿಗೆ ಬಿಟ್ಟು ಹಾಗೇ ನಡ್ಕೊಂಡು ಹೋಗಿ ಮೆಟ್ರೋ ಹತ್ತಿ ಬರ್ತಾರೆ. ಇನ್ನೊಬ್ರು ಮಾಗಡಿ ರೋಡ್ ಆಚೆ ಒಂದು ರೆವೆನ್ಯೂ ಲೇಔಟಲ್ಲಿ, ಅಂದ್ರೆ ಅಪ್ರೂವಲ್ ಇಲ್ದೆ ಹೊಲಾನೇ ಸೈಟು ಮಾಡಿ ಮಾರಿದ ಕಡೆ, 20×30 ಸೈಟಲ್ಲಿ ಮನೆ ಕಟ್ಕೊಂಡಿದ್ದಾರೆ, ಬೆಳಿಗ್ಗೆ ಆರೂವರೆಗೇ ಹೊರಡ್ತಾರೆ, ಎರಡು ಬಸ್ಸು ಬದಲಾಯಿಸ್ತಾರೆ, ಮನೆಗೆ ನೀರು ಟ್ಯಾಂಕರ್‌ದು. ಇದೆಲ್ಲ ಅವರವರ ಉಳಿತಾಯ, ಅವರವರ ಪ್ಲಾನಿಂಗು ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ. ಒಂದಿನ ಊಟದ ಟೈಮಲ್ಲಿ ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ಜಯನಗರದವರ ತಾತಂಗೆ ಸರ್ಕಾರಿ ಕೆಲಸ ಇತ್ತು, 60ರ ದಶಕದಲ್ಲಿ ಅವರಿಗೊಂದು 30×40 ಸೈಟು ಅಲಾಟ್ ಆಗಿತ್ತು, ಕೆಲವು ಸಾವಿರ ರೂಪಾಯಿ ಅಷ್ಟೇ, ಅದೂ ಕಂತಲ್ಲಿ ಕಟ್ಟಿದ್ದು. ಇನ್ನೊಬ್ರ ತಾತ ಮಧುಗಿರಿ ಕಡೆ ಹಳ್ಳೀಲಿ ಜೀತಕ್ಕಿದ್ರು.

ಓದಿ, ನೌಕರಿ ಹಿಡಿದು, ಸಂಬಳದಲ್ಲಿ ಸಮ ಆಗೋಕೆ ಆ ಮನೆಯವರಿಗೆ ಎರಡು ತಲೆಮಾರು ಹಿಡೀತು. ಸೈಟಲ್ಲಿ ಸಮ ಆಗೋಕೆ ಎಷ್ಟು ತಲೆಮಾರು ಬೇಕು ಲೆಕ್ಕ ಹಾಕಿ. 30×40 ಅಂದ್ರೆ 1,200 ಚದರಡಿ, ಜಯನಗರದಂಥ ಕಡೆ ಚದರಡಿಗೆ 20 ಸಾವಿರ ಅಂತ ಇಟ್ಕೊಂಡ್ರೂ ಬರೀ ನೆಲಕ್ಕೆ 2 ಕೋಟಿ 40 ಲಕ್ಷ. ಮನೆ ಖರ್ಚು, ಫೀಸು, ಆಸ್ಪತ್ರೆ ಎಲ್ಲ ಕಳೆದು ತಿಂಗಳಿಗೆ 25 ಸಾವಿರ ಉಳಿಸ್ತೀನಿ ಅನ್ನೋ ಮನುಷ್ಯಂಗೆ ವರ್ಷಕ್ಕೆ 3 ಲಕ್ಷ, ಅಂದ್ರೆ 80 ವರ್ಷ ಆಗತ್ತೆ, ಅದೂ ರೇಟು ಅಲ್ಲೇ ನಿಂತಿದ್ರೆ.

ಹಾಗಾಗಿ ನಾನು ಹೇಳ್ತಿರೋದು ಇಷ್ಟು. ಈ ಊರಲ್ಲಿ ಯಾರ ಪಕ್ಕ ಯಾರು ಇರ್ತಾರೆ ಅನ್ನೋದನ್ನ ಇವತ್ತಿನ ಸಂಬಳಕ್ಕಿಂತ ಜಾಸ್ತಿ ತೀರ್ಮಾನ ಮಾಡಿರೋದು ಯಾರ ಮನೆಗೆ ಯಾವ ವರ್ಷ ಯಾರ ಕೈಯಿಂದ ನೆಲ ಸಿಕ್ತು ಅನ್ನೋದು. ಹಳ್ಳೀಲಿ ಊರು ಬೇರೆ ಕೇರಿ ಬೇರೆ ಅನ್ನೋ ಗೆರೆ ಕಣ್ಣಿಗೆ ಕಾಣ್ತಿತ್ತು, ಸಿಟೀಲಿ ಆ ಗೆರೆ ಚದರಡಿ ರೇಟಿನ ಒಳಗೆ ಸೇರ್ಕೊಂಡುಬಿಟ್ಟಿದೆ, ದುಡ್ಡಿದ್ರೆ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ತಗೋಬಹುದಲ್ಲ ಅಂತ ಎಲ್ರೂ ಅಂತಾರೆ. ಆ "ದುಡ್ಡಿದ್ರೆ" ಅನ್ನೋ ಒಂದು ಮಾತಲ್ಲೇ ಎಲ್ಲ ಇರೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆ ಕಡೆ ಮನೆಗಳು ಇಕ್ಕಟ್ಟು, ಗಾಳಿ ಬೆಳಕಿಲ್ಲ ಅಂತ ಊರು ಹೊರಗಡೆ ಬೆಳೆಯೋಕೆ ಶುರುವಾಯ್ತು, ಬಸವನಗುಡಿ, ಮಲ್ಲೇಶ್ವರ ತುಂಬಿದ್ದು ಆಗಲೇ. ನೇರ ರಸ್ತೆ, ಮರ, ಪಾರ್ಕು, ಕಾಂಪೌಂಡು. ಅಲ್ಲಿಗೆ ಹೋಗೋಕೆ ಆದದ್ದು ಸರ್ಕಾರಿ ಉದ್ಯೋಗ ಇದ್ದವರಿಗೆ, ವಕೀಲರಿಗೆ, ದೊಡ್ಡ ವ್ಯಾಪಾರಿಗಳಿಗೆ, ಅಂದ್ರೆ ಬಹುಪಾಲು ಮೇಲ್ಜಾತಿಯವರಿಗೆ. ಪೇಟೇಲಿ ಕೂಲಿ ಮಾಡ್ತಿದ್ದೋರು, ಕಕ್ಕಸು ಬಾಚ್ತಿದ್ದೋರು ಅಲ್ಲೇ ಉಳಿದ್ರು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ರೈತರ ಜಮೀನು ತಗೊಂಡು ಲೇಔಟ್ ಮಾಡಿ ಮಾರ್ಕೆಟ್ ರೇಟಿಗಿಂತ ಕಮ್ಮಿಗೆ ಸೈಟು ಹಂಚೋದು ಇವರ ಕೆಲಸ. ಒಳ್ಳೇ ಉದ್ದೇಶವೇ, ನಾನು ಅಲ್ಲ ಅನ್ನಲ್ಲ, ಲಕ್ಷಾಂತರ ಮಧ್ಯಮ ವರ್ಗದ ಜನ ಇವತ್ತು ತಲೆ ಮೇಲೆ ಸೂರು ಅಂತ ಇಟ್ಕೊಂಡಿದ್ರೆ ಅದ್ರಿಂದಲೇ. ಎಸ್‌ಸಿ, ಎಸ್‌ಟಿ ಮೀಸಲಾತಿನೂ ನಿಯಮದಲ್ಲಿದೆ. ಆದ್ರೆ ಅರ್ಜಿ ಕರೆದಿದ್ದಾರೆ ಅಂತ ಗೊತ್ತಾಗಬೇಕು, ಶುರುವಲ್ಲೇ ಠೇವಣಿ ಕಟ್ಟೋಕೆ ದುಡ್ಡಿರಬೇಕು, ಸೈಟು ಬಂದ್ಮೇಲೆ ಗಡುವಿನೊಳಗೆ ಪೂರ್ತಿ ಕಟ್ಟಿ ಮುಗಿಸಬೇಕು. ತಿಂಗಳ ಸಂಬಳ ಇಲ್ಲದ ಮನೆಗೆ ಈ ಮೂರೂ ಆಗೋ ಮಾತಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ಇತ್ತು, ಗೃಹ ನಿರ್ಮಾಣ ಸಹಕಾರ ಸಂಘಗಳು. ಊರಲ್ಲಿ ಓಡಾಡ್ತಾ ಬೋರ್ಡು ನೋಡಿ, ಬಿಇಎಂಎಲ್ ಲೇಔಟು, ಐಟಿಐ ಲೇಔಟು, ಟೆಲಿಕಾಂ ಲೇಔಟು, ಜುಡಿಷಿಯಲ್ ಲೇಔಟು, ಎಲ್ಲ ಆಯಾ ಕಡೆ ನೌಕರರ ಸಂಘಗಳದ್ದು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕ್ವಾರ್ಟರ್ಸಲ್ಲಿ ಬೆಳೆದವರನ್ನ ಕೇಳಿ, ಪಕ್ಕದ ಮನೆ ತಮಿಳ್ರದ್ದು, ಮೇಲಿನ ಮನೆ ಸಾಬರದ್ದು, ಎದುರುಮನೆ ಹುಬ್ಬಳ್ಳಿಯವರದ್ದು, ಸಂಕ್ರಾಂತಿ ಎಳ್ಳೂ ರಂಜಾನ್ ಪಾಯಸಾನೂ ಮನೆಮನೆಗೆ ಹೋಗ್ತಿತ್ತು ಅಂತಾರೆ. ಕ್ವಾರ್ಟರ್ಸಲ್ಲಿ ಮನೆ ಸಿಗ್ತಿದ್ದದ್ದು ಗ್ರೇಡಿನ ಮೇಲೆ, ಯಾರ ಪಕ್ಕ ಯಾರು ಅಂತ ಆರಿಸ್ಕೊಳ್ಳೋಕೆ ಯಾರಿಗೂ ಆಗ್ತಿರಲಿಲ್ಲ. ರಿಟೈರ್ ಆಗಿ ಸ್ವಂತ ಸೈಟಿಗೆ ಹೋದಾಗ ಆ ಬೆರಕೆ ಕಮ್ಮಿ ಆಯ್ತು, ಯಾಕಂದ್ರೆ ಸಂಘದ ಸದಸ್ಯತ್ವ ಬರ್ತಿದ್ದದ್ದೇ ಪರಿಚಯದಲ್ಲಿ, ನಮ್ಮೋರು ಒಬ್ರು ಇದ್ದಾರೆ ಅವರಿಗೂ ಒಂದು ಸೈಟು ಅಂತ. ಆಮೇಲೆ ಮಧ್ಯವರ್ತಿಗಳು ನುಗ್ಗಿದ್ರು. ಸಂಘದ ಹೆಸರಲ್ಲಿ ಸರ್ಕಾರದಿಂದ ಜಮೀನು ಸ್ವಾಧೀನ ಮಾಡಿಸಿಕೊಡ್ತೀವಿ ಅಂತ ಏಜೆಂಟರು ಕರಾರು ಮಾಡ್ಕೊಳ್ಳೋ ಮಟ್ಟಕ್ಕೆ ಹೋಯ್ತು, 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಂಘದ ಕೇಸಲ್ಲಿ ಸುಪ್ರೀಂ ಕೋರ್ಟ್ ಅಂಥ ಭೂಸ್ವಾಧೀನ ಸಾರ್ವಜನಿಕ ಉದ್ದೇಶ ಅಲ್ಲ ಅಂತ ರದ್ದು ಮಾಡ್ತು. ಅಹಮದಾಬಾದ್‌ದು ಇನ್ನೂ ಬೇರೆ ಕಥೆ, ಪಾರ್ಸಿಗಳ ಒಂದು ಹೌಸಿಂಗ್ ಸೊಸೈಟಿ ತಮ್ಮವರಿಗೆ ಮಾತ್ರ ಸದಸ್ಯತ್ವ ಅಂತ ಬೈಲಾ ಇಟ್ಕೊಂಡಿದ್ದನ್ನ 2005ರಲ್ಲಿ ಅದೇ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು. ಒಂದು ಸಣ್ಣ ಸಮುದಾಯ ತನ್ನನ್ನ ಉಳಿಸ್ಕೊಳ್ಳೋ ಆಸೆ ನನಗೆ ಅರ್ಥ ಆಗತ್ತೆ, ಆದ್ರೆ ಅದೇ ತರ್ಕ ಬಲಿಷ್ಠ ಜಾತಿಗಳ ಕೈಗೆ ಸಿಕ್ಕಾಗ ಏನಾಗತ್ತೆ ಅನ್ನೋ ಭಯ ನನಗೆ ಇನ್ನೂ ಹೋಗಿಲ್ಲ.

ಇನ್ನು ಲೇಔಟಿನ ಗೋಡೆ ಆಚೆ ಏನಿದೆ ನೋಡಿ. ಬೆಂಗಳೂರು ಬೆಳೆದದ್ದು ಖಾಲಿ ಜಾಗದ ಮೇಲಲ್ಲ, ಹಳ್ಳಿಗಳ ಮೇಲೆ. ಈಜಿಪುರ, ಜಕ್ಕಸಂದ್ರ, ಅಗರ, ಮಡಿವಾಳ, ಬೆಳ್ಳಂದೂರು ಎಲ್ಲ ಹಳ್ಳಿಗಳೇ. ಸಿಟಿ ನುಂಗಿದ ಯಾವುದೇ ಹಳ್ಳಿಯ ಒಳಗೆ ಹೋಗಿ, ಗ್ರಾಮಠಾಣ ಹಾಗೇ ಇರತ್ತೆ, ಊರಬಾಗಿಲ ಹತ್ರ ದೇವಸ್ಥಾನ, ಗೌಡ್ರದ್ದೋ ರೆಡ್ಡಿಗಳದ್ದೋ ನಾಲ್ಕಂತಸ್ತಿನ ಬಿಲ್ಡಿಂಗು, ಆಮೇಲೆ ಒಂದು ಮೋರಿ ದಾಟಿದ್ರೆ ಎಕೆ ಕಾಲೋನಿ. ಎಕೆ ಅಂದ್ರೆ ಆದಿ ಕರ್ನಾಟಕ, ದಲಿತರ ಕೇರಿ. ಸುತ್ತಲೂ ಐಟಿ ಕಂಪನಿಗಳು ಬಂದು ಇಪ್ಪತ್ತು ವರ್ಷ ಆಗಿದ್ರೂ ಆ ಮೋರಿ ಎಲ್ಲಿತ್ತೋ ಅಲ್ಲೇ ಇದೆ, ಮೇಲೊಂದು ಸ್ಲ್ಯಾಬ್ ಬಿದ್ದಿದೆ ಅಷ್ಟೇ. ಐಐಎಂ ಬೆಂಗಳೂರಿನ ಸಂಶೋಧಕರು ಜನಗಣತಿಯ ಸಣ್ಣ ಸಣ್ಣ ಬ್ಲಾಕಿನ ಅಂಕಿ ಹಿಡಿದು ನೋಡಿ ಇದನ್ನೇ ಹೇಳಿದ್ರು, ವಾರ್ಡ್ ಲೆಕ್ಕದಲ್ಲಿ ನೋಡಿದ್ರೆ ಎಲ್ಲ ಬೆರೆತಿರೋ ಹಾಗೆ ಕಾಣತ್ತೆ, ವಾರ್ಡಿನ ಒಳಗೆ ಇಳಿದ್ರೆ ಬೀದಿ ಬೀದಿಗೂ ಜಾತಿ ಬೇರೆ ಬೇರೆ. ಅದಕ್ಕೂ ಮುಂಚೆ 2001ರ ಜನಗಣತಿ ಮೇಲೆ ದೇಶದ ಏಳು ದೊಡ್ಡ ಸಿಟಿಗಳ ಬಗ್ಗೆ ಆದ ಒಂದು ಅಧ್ಯಯನದಲ್ಲೂ ಬಡವ ಶ್ರೀಮಂತ ಅನ್ನೋ ಅಂತರಕ್ಕಿಂತ ಜಾತಿ ಮೇಲಿನ ಅಂತರವೇ ಜಾಸ್ತಿ ಅಂತ ಬಂದಿತ್ತು.

ಇಲ್ಲಿ ಮಾರ್ಕೆಟ್ ಮಾಡೋ ಕೆಲಸ ಬಿಡಿಸಿ ಹೇಳ್ತೀನಿ. ಹಳ್ಳಿಗೆ ರಿಂಗ್ ರೋಡ್ ಬಂತು, ಜಮೀನಿಗೆ ಬೆಲೆ ಬಂತು. ಪಹಣೀಲಿ ಹೆಸರಿದ್ದವರಿಗೆ ದುಡ್ಡು ಬಂತು, ಪರಿಹಾರವೋ, ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟೋ, ಪಿಜಿ ಬಾಡಿಗೆಯೋ. ಅದೇ ಹೊಲದಲ್ಲಿ ತಲೆಮಾರುಗಟ್ಟಲೆ ಕಳೆ ಕಿತ್ತವರ ಹೆಸರು ಪಹಣೀಲಿ ಇರಲ್ಲ, ಅವರಿಗೆ ಬಂದದ್ದು ಏನೂ ಇಲ್ಲ, ಇದ್ದ ಕೂಲಿನೂ ಹೋಯ್ತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಬೆಂಗಳೂರಿನ ಸುತ್ತ ಇತ್ತು, ಅದನ್ನ ಉಳಿಸೋಕಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದ್ರು, ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ದೆ ಕೊಂಡ್ರೆ ಆ ವ್ಯವಹಾರ ಅಸಿಂಧು ಅಂತ. ಆದ್ರೂ ಮಗಳ ಮದುವೆ, ಆಸ್ಪತ್ರೆ, ಸಾಲ ಅಂತ ಜಿಪಿಎ (ಅಧಿಕಾರಪತ್ರ) ಮೇಲೆ ಪುಡಿಗಾಸಿಗೆ ಜಮೀನು ಕೈತಪ್ಪಿ ಹೋದ ಮನೆಗಳು ಎಷ್ಟೋ. ಅವರ ಮಕ್ಕಳು ಓದ್ಕೊಂಡು ವಾಪಸ್ ಕೇಳೋಕೆ ಹೋದಾಗ, ತಡವಾಗಿ ಬಂದಿದ್ದೀರಿ ಅಂತ ಕೇಸುಗಳು ಬಿದ್ದು ಹೋಗೋಕೆ ಶುರುವಾದವು, 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಲ್ಲಿ ಸಮಂಜಸವಾದ ಅವಧಿಯೊಳಗೆ ಬರಬೇಕು ಅಂತ ಆಯ್ತು, 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲ ಅಂತ ಸೇರಿಸ್ತು. ಅಷ್ಟರಲ್ಲಿ ಆ ಜಮೀನಿನ ಮೇಲೆ ಅಪಾರ್ಟ್‌ಮೆಂಟ್ ಎದ್ದಿದ್ರೆ ಅದನ್ನ ವಾಪಸ್ ಪಡೆಯೋದು ಎಷ್ಟು ಕಷ್ಟ ಅಂತ ಯಾರು ಬೇಕಾದ್ರೂ ಊಹಿಸಬಹುದು. ಇನ್ನೊಂದು ಕಡೆ, 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು ಹಾಕಿದ್ರಿಂದ ಕೃಷಿಕರಲ್ಲದವರೂ ಸಲೀಸಾಗಿ ಹೊಲ ಕೊಳ್ಳಬಹುದು ಅಂತ ಆಯ್ತು. ಸಿಟಿಯ ದುಡ್ಡು ಹಳ್ಳಿ ನೆಲಕ್ಕೆ ನುಗ್ಗೋಕೆ ಇದ್ದ ಒಂದು ಬಾಗಿಲಿನ ಅಗುಳಿ ಹೋಯ್ತು.

ದೇವನಹಳ್ಳಿಯ ಚನ್ನರಾಯಪಟ್ಟಣದಲ್ಲಿ ಭೂಸ್ವಾಧೀನದ ವಿರುದ್ಧ ರೈತರು ಮಾಡಿದ ಹೋರಾಟ ಎಲ್ರಿಗೂ ನೆನಪಿರತ್ತೆ. 13 ಹಳ್ಳಿ, 1,777 ಎಕರೆ, ಮೂರು ವರ್ಷಕ್ಕೂ ಮೀರಿ ಕೂತ್ರು, 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನ ಕೈಬಿಡ್ತು. ನನಗೆ ಆವತ್ತು ನಿಜವಾಗ್ಲೂ ಖುಷಿ ಆಗಿತ್ತು. 2008ರಲ್ಲಿ ಏರ್‌ಪೋರ್ಟ್ ಬಂದಾಗಿಂದ ಸುತ್ತಲ ಹಳ್ಳಿಗಳು ಏನಾದವು ಅಂತ ಕಣ್ಣಾರೆ ಕಂಡವರು ಅವರು, ಎಕರೆಗೆ ಕೋಟಿ ಅಂದ್ರೂ ಬೇಡ ಅಂದ್ರು.

ಈಗ ನನ್ನ ಸಹೋದ್ಯೋಗಿಯ ರೆವೆನ್ಯೂ ಲೇಔಟಿಗೆ ಬರೋಣ, ಯಾಕಂದ್ರೆ ಬೆಂಗಳೂರಿನ ಅರ್ಧ ಕಥೆ ಇರೋದು ಅಲ್ಲೇ. ಬಿಡಿಎ ಸೈಟು ಸಿಗಲ್ಲ, ಸಿಟಿ ಒಳಗೆ ಕೊಳ್ಳೋ ಶಕ್ತಿ ಇಲ್ಲ, ಬಾಡಿಗೆ ವರ್ಷ ವರ್ಷ ಏರತ್ತೆ, ಹಾಗಾದಾಗ ಯಾರೋ ರೈತರ ಹೊಲಕ್ಕೆ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರ್ತಾರೆ. ಹೊಲವನ್ನ ವಾಸಕ್ಕೆ ಅಂತ ಕನ್ವರ್ಷನ್ ಮಾಡಿಸಿರಲ್ಲ, ಪ್ಲಾನ್ ಅಪ್ರೂವಲ್ ಇರಲ್ಲ, ಅದಕ್ಕೇ ಅಗ್ಗ. ಆ ಅಗ್ಗದ ಬೆಲೆಯನ್ನ ಜನ ಆಮೇಲೆ ಇಪ್ಪತ್ತು ವರ್ಷ ಬೇರೆ ಬೇರೆ ರೂಪದಲ್ಲಿ ಕಟ್ತಾ ಇರ್ತಾರೆ. ಹೀಗೆ ಅಪ್ರೂವಲ್ ಇಲ್ಲದ ಸೈಟಿಗೆ ಸಿಗೋದು ಬಿ ಖಾತಾ, ಅದಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಹೋಮ್ ಲೋನ್ ಕೊಡಲ್ಲ, ಫೈನಾನ್ಸ್ ಕಂಪನಿಗಳಲ್ಲಿ ಜಾಸ್ತಿ ಬಡ್ಡಿಗೆ ತಗೋಬೇಕು. ಒಂದೇ ಸಂಬಳ ತಗೊಳ್ಳೋ ಇಬ್ರಲ್ಲಿ ಕಮ್ಮಿ ಆಸ್ತಿ ಇರೋನು ಜಾಸ್ತಿ ಬಡ್ಡಿ ಕಟ್ತಾನೆ. 2007ರಲ್ಲಿ ಬಿಬಿಎಂಪಿ ಆದಾಗ 110 ಹಳ್ಳಿ ಸೇರಿಸ್ಕೊಂಡ್ರು, ತೆರಿಗೆ ಆವಾಗಲೇ ಶುರುವಾಯ್ತು, ಆ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರಲ್ಲಿ. ನಡುವೆ ಹದಿನೇಳು ವರ್ಷ ಬೋರ್‌ವೆಲ್ಲು, ಟ್ಯಾಂಕರು. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿಗೆ ಕಾದು ಕೂತ ಅಂಚಿನ ಜನ ತಿಂಗಳಿಗೆ ನೀರಿಗೆ ಕೊಟ್ಟ ದುಡ್ಡನ್ನ ಜಯನಗರದ ನೀರಿನ ಬಿಲ್ ಪಕ್ಕ ಇಟ್ಟು ನೋಡಿ, ನೀರಿಗೂ ಸೈಟಿನ ಇಸವಿಗೂ ಏನು ಸಂಬಂಧ ಅಂತ ಗೊತ್ತಾಗತ್ತೆ. ಅಕ್ರಮ ಸಕ್ರಮ ಅಂತ, ಅಂದ್ರೆ ದಂಡ ಕಟ್ಟಿಸ್ಕೊಂಡು ಇಂಥದ್ದನ್ನ ಸಕ್ರಮ ಮಾಡ್ತೀವಿ ಅಂತ, ವರ್ಷಾನುಗಟ್ಟಲೆ ಆಸೆ ತೋರಿಸಿದ್ರು, 2017ರ ಜನವರೀಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ತಪ್ಪು ಲೇಔಟ್ ಮಾಡಿ ಮಾರಿದೋನು ಯಾವಾಗಲೋ ದುಡ್ಡು ಎಣಿಸ್ಕೊಂಡು ಹೋಗಿದ್ದಾನೆ, ಅಕ್ರಮದೋರು ಅಂತ ಹೆಸರು ಬಂದಿರೋದು ಕೊಂಡೋರಿಗೆ.

ಬ್ಲ್ಯಾಕು ವೈಟಿನ ವಿಷಯ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗ್ತೀನಿ. ಸರ್ಕಾರ ಗೊತ್ತು ಮಾಡಿರೋ ಗೈಡೆನ್ಸ್ ವ್ಯಾಲ್ಯೂ ಒಂದು, ನಿಜವಾದ ರೇಟು ಒಂದು, ನಡುವಿನ ದುಡ್ಡು ಕ್ಯಾಶಲ್ಲಿ ಕೊಡಬೇಕು. ಬ್ಯಾಂಕು ಲೋನ್ ಕೊಡೋದು ಕಾಗದದಲ್ಲಿರೋ ಮೊತ್ತದ ಮೇಲೆ. ಬರೀ ಸಂಬಳದ ಮೇಲೆ ಬದುಕೋ ಮನುಷ್ಯಂಗೆ ಬ್ಲ್ಯಾಕ್ ಎಲ್ಲಿಂದ ಬರಬೇಕು? ವ್ಯಾಪಾರ, ಹಳೇ ಆಸ್ತಿ, ಮಾವನ ಮನೆ ಜಮೀನು ಇದ್ದೋರಿಗೆ ಮಾತ್ರ ಅಂಥ ಸೈಟು.

ಬಾಡಿಗೆ ಮನೆ ಹುಡುಕಿದ್ದೀರಲ್ಲ ಎಲ್ರೂ. ಹತ್ತು ತಿಂಗಳ ಅಡ್ವಾನ್ಸು ಈ ಊರಿನ ರೂಢಿ, 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೇಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತ ಇದ್ರೂ ಇಲ್ಲಿ ಕೇಳೋದು ಇನ್ನೂ ಹಾಗೇ. ಆದ್ರೆ ಅಡ್ವಾನ್ಸ್ ಹೊಂದಿಸ್ಕೊಂಡು ಹೋದ್ರೂ ಇನ್ನೊಂದು ಬೀಗ ಇದೆ. ಆ ಮಾಗಡಿ ರೋಡಿನ ಸಹೋದ್ಯೋಗಿ ಮನೆ ಕಟ್ಟೋ ಮುಂಚೆ ಬಾಡಿಗೆಗೆ ನೋಡ್ತಿದ್ದಾಗ ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಒಂದನೇ ಮಹಡಿ, ಎರಡು ರೂಮು, ಗಾಳಿ ಬೆಳಕು ಚೆನ್ನಾಗಿತ್ತು. ಮನೆ ಓನರ್ ಆಂಟಿ ತುಂಬಾ ಮರ್ಯಾದೆಯಿಂದ ಮಾತಾಡಿಸಿದ್ರು, ಕಾಫಿ ಕೊಡ್ಲಾ ಅಂತ ಕೇಳಿದ್ರು. ಎಲ್ಲಿ ಕೆಲಸ, ಎಷ್ಟು ಜನ ಅಂತ ಕೇಳಿ ಆದ್ಮೇಲೆ, "ಊರು ಯಾವುದಪ್ಪಾ?" ಅಂದ್ರು. ಮಧುಗಿರಿ ಕಡೆ ಅಂದ. "ಓ, ಸರಿ ಸರಿ. ಮನೆದೇವ್ರು ಯಾವುದು?" ಅವನು ಒಂದು ಕ್ಷಣ ಸುಮ್ಮನಿದ್ದ, ಆಮೇಲೆ ಮಾರಮ್ಮ ಅಂದ. ಆಂಟಿ ಮುಖದಲ್ಲಿ ಕೋಪ ಏನೂ ಬರಲಿಲ್ಲ. ನಮ್ಮೆಜಮಾನ್ರನ್ನ ಕೇಳಿ ಫೋನ್ ಮಾಡ್ತೀನಪ್ಪಾ ಅಂದ್ರು. ಫೋನ್ ಬರಲಿಲ್ಲ, ಬೋರ್ಡು ಇನ್ನೊಂದು ತಿಂಗಳು ಅಲ್ಲೇ ನೇತಾಡ್ತಿತ್ತು. ಕಾಫಿ ಬೇಡ ಅಂತ ಅವನು ಮೊದಲೇ ಯಾಕೆ ಹೇಳಿದ್ದ ಅಂತ ನನಗೆ ಗೊತ್ತಾಗಿದ್ದು ಮೆಟ್ಟಿಲು ಇಳಿಯುವಾಗ. ಮುಸ್ಲಿಂ ಸ್ನೇಹಿತರಿಗೆ ಇಷ್ಟು ದೂರಾನೂ ಹೋಗಲ್ಲ, ಹೆಸರು ಕೇಳಿದ ಕೂಡಲೇ "ಮನೆ ಆಗೋಯ್ತು ಸಾರ್" ಅಂತ ಬ್ರೋಕರ್ರೇ ಫೋನಲ್ಲಿ ಹೇಳಿಬಿಡ್ತಾರೆ. ಹೀಗಾದಾಗ ಕೊಡೋರು ಇರೋ ಏರಿಯಾಗಳಲ್ಲೇ ಎಲ್ರೂ ಹುಡುಕ್ತಾರೆ, ಅಲ್ಲಿ ಬಾಡಿಗೆ ಏರತ್ತೆ, ಮನೆ ಇಕ್ಕಟ್ಟಾಗತ್ತೆ, ಆಮೇಲೆ "ಅವರು ಗುಂಪು ಕಟ್ಕೊಂಡೇ ಇರ್ತಾರೆ ನೋಡಿ" ಅಂತ ಹೊರಗಿನವರು ಅಂತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗತ್ತೆ.

ಈಜಿಪುರದ ಬಗ್ಗೆ ಬರೀದೆ ಇದನ್ನ ಮುಗಿಸೋಕೆ ಆಗಲ್ಲ. ಕೋರಮಂಗಲದ ಪಕ್ಕದಲ್ಲೇ ಬಡವರಿಗೆ ಅಂತ ಪಾಲಿಕೆ ಕಟ್ಟಿದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್. ಕಳಪೆ ಕಾಮಗಾರಿ, 2007ರಲ್ಲಿ ಒಂದು ಬ್ಲಾಕ್ ಕುಸೀತು, ಜನ ಅಲ್ಲೇ ತಗಡಿನ ಶೆಡ್ಡಲ್ಲಿ ಉಳ್ಕೊಂಡ್ರು. ಅಷ್ಟೊತ್ತಿಗೆ ಕೋರಮಂಗಲದ ನೆಲ ಚಿನ್ನ ಆಗಿತ್ತು, ಖಾಸಗಿ ಸಹಭಾಗಿತ್ವದಲ್ಲಿ ಸ್ವಲ್ಪ ಜಾಗದಲ್ಲಿ ಮಾಲು, ಉಳಿದದ್ದರಲ್ಲಿ ಬಡವರಿಗೆ ಮನೆ ಅಂತ ಒಪ್ಪಂದ ಆಯ್ತು. 2013ರ ಜನವರಿ, ಚಳಿಗಾಲ, ಜೆಸಿಬಿ ಬಂತು, ಸಾವಿರಕ್ಕೂ ಹೆಚ್ಚು ಕುಟುಂಬ ಬೀದಿಗೆ ಬಿತ್ತು. ಕೆಲವರಿಗೆ ಸರ್ಜಾಪುರ ರಸ್ತೆ ಆಚೆ ಸೂಲಿಕುಂಟೇಲಿ ಮನೆ ಅಂದ್ರು. ಮನೆಗೆ ಮನೆ ಕೊಟ್ವಲ್ಲ ಅಂತ ಫೈಲಲ್ಲಿ ಲೆಕ್ಕ ಸರಿಹೋಗತ್ತೆ. ಆದ್ರೆ ಆ ಹೆಂಗಸರು ಕೋರಮಂಗಲದಲ್ಲಿ ಬೆಳಿಗ್ಗೆ ಮೂರು ಮನೆ, ಸಂಜೆ ಎರಡು ಮನೆ ಕೆಲಸ ಮಾಡ್ತಿದ್ದೋರು, ನಡ್ಕೊಂಡು ಹೋಗಿ ಮಧ್ಯಾಹ್ನ ಬಂದು ಮಕ್ಕಳಿಗೆ ಊಟ ಹಾಕಿ ಮತ್ತೆ ಹೋಗ್ತಿದ್ರು. ಅಷ್ಟು ದೂರದಿಂದ ಎರಡು ಸಲ ಬಂದು ಹೋಗೋಕೆ ಆಗಲ್ಲ, ಸಂಜೆ ಮನೆಗಳು ಕೈಬಿಟ್ಟು ಹೋಗತ್ತೆ. 2023ರ ಜೂನಿಂದ ಶಕ್ತಿ ಯೋಜನೇಲಿ ಟಿಕೆಟ್ ಖರ್ಚು ಉಳೀತು, ಅದು ಸಣ್ಣ ಸಹಾಯ ಅಲ್ಲ, ಎಷ್ಟೋ ಮನೆಗೆಲಸದವರು ನನ್ನ ಹತ್ರ ಹೇಳಿದ್ದಾರೆ, ಆದ್ರೆ ಬಸ್ಸಲ್ಲಿ ಕಳೆಯೋ ಮೂರು ಗಂಟೆ ಯಾರೂ ಉಳಿಸಿಕೊಡಲಿಲ್ಲ.

ಸಿಟಿ ಮಧ್ಯದಲ್ಲಿರೋ ಸರ್ಕಾರಿ ನೆಲ ಇನ್ನೂ ಇದೆ, ಹಳೇ ಕ್ವಾರ್ಟರ್ಸು, ಮುಚ್ಚಿದ ಕಾರ್ಖಾನೆಗಳದ್ದು, ಮೆಟ್ರೋ ಸ್ಟೇಷನ್ ಪಕ್ಕದ್ದು. ದುಡ್ಡು ಬೇಕಾದಾಗಲೆಲ್ಲ ಇಂಥ ನೆಲದ ಮೇಲೇ ಕಣ್ಣು, ಕಾರ್ನರ್ ಸೈಟು ಹರಾಜು, ಜಾಗ ಹರಾಜು. ನನ್ನ ಕೇಳಿದ್ರೆ ಅದನ್ನ ಮಾರಲೇಬಾರದು. ಸರ್ಕಾರದ್ದೇ ಇಟ್ಕೊಂಡು ಬಾಡಿಗೆ ಮನೆ ಕಟ್ಟಿ, ಪೌರಕಾರ್ಮಿಕರು, ನರ್ಸುಗಳು, ಡ್ರೈವರುಗಳು, ಕ್ಲರ್ಕುಗಳು ಒಂದೇ ಮೆಟ್ಟಿಲು ಹತ್ತೋ ಹಾಗೆ ಹಂಚಬೇಕು, ಎಚ್‌ಎಂಟಿ ಕ್ವಾರ್ಟರ್ಸಲ್ಲಿ ಆಗಿತ್ತಲ್ಲ ಹಾಗೆ. ಮಾರಿದ ನೆಲ ಮತ್ತೆ ಆ ರೇಟಿಗೆ ಸರ್ಕಾರಕ್ಕೂ ಸಿಗಲ್ಲ. ಎರಡನೇದು, ಖಾಲಿ ಬಿಟ್ಟ ಸೈಟಿಗೆ ನೋವಾಗೋ ಅಷ್ಟು ತೆರಿಗೆ ಬೀಳಬೇಕು.

ಯಾಕೆ ಅಂತ ಹೇಳ್ತೀನಿ. ವೈಟ್‌ಫೀಲ್ಡ್, ತೂಬರಹಳ್ಳಿ, ಮಾರತಹಳ್ಳಿ ಕಡೆ ಹೋದ್ರೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ನಡುವೆ ಖಾಲಿ ಸೈಟುಗಳು ಕಾಣತ್ತೆ, ಅದರ ತುಂಬಾ ನೀಲಿ ಟಾರ್ಪಾಲಿನ್ ಶೆಡ್ಡುಗಳು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು, ಒಡಿಶಾ, ಬಂಗಾಳದವರು, ಗಾರೆ ಕೆಲಸ, ಕಸ ಆರಿಸೋ ಕೆಲಸ. 2020ರ ಜನವರೀಲಿ ಕರಿಯಮ್ಮನ ಅಗ್ರಹಾರದಲ್ಲಿ ಇಂಥವೇ ಶೆಡ್ಡುಗಳನ್ನ ಕೆಡವಿದ್ದು ದೊಡ್ಡ ಸುದ್ದಿ ಆಗಿತ್ತು. ಆ ಸೈಟಿನ ಓನರ್ ಒಳ್ಳೇ ರೇಟಿಗೆ ಕಾಯ್ತಾ ಇರ್ತಾರೆ, ಅಲ್ಲಿ ತನಕ ಒಂದೊಂದು ಶೆಡ್ಡಿನ ಜಾಗಕ್ಕೆ ತಿಂಗಳ ಬಾಡಿಗೆ ತಗೊಳ್ತಾರೆ, ನೀರಿಗೆ ಬೇರೆ. ಕಳೆದ ತಿಂಗಳು ಅಂಥ ಒಂದು ಜಾಗದಲ್ಲಿ ಸಿಂಧನೂರು ಕಡೆಯ ಒಬ್ಬ ಅವ್ವನ ಜೊತೆ ಮಾತಾಡ್ತಾ ನಿಂತಿದ್ದೆ. ಗಂಡ ಪಕ್ಕದ ಟವರಿನ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ, ಮಗ ಅಲ್ಲೇ ಸರ್ಕಾರಿ ಸ್ಕೂಲಲ್ಲಿ ಎರಡನೇ ಕ್ಲಾಸು. ಇಲ್ಲಿಗೆ ಬಂದು ಎಷ್ಟು ದಿನ ಆಯ್ತವ್ವಾ ಅಂದೆ. "ನಾಕು ವರ್ಷ ಆತ್ರಿ, ಆದ್ರ ಇದು ಮೂರನೇ ಜಾಗ" ಅಂದ್ಲು. ಹೋದ ವಾರ ಆ ದಾರೀಲಿ ಹೋದಾಗ ಸೈಟಿಗೆ ತಗಡಿನ ಬೇಲಿ ಬಿದ್ದಿತ್ತು, ಬೇಲಿ ಮೇಲೆ ಹೊಸ ಪ್ರಾಜೆಕ್ಟಿನ ಬೋರ್ಡು. ಪಕ್ಕದ ಟೀ ಅಂಗಡಿಯವರನ್ನ ಕೇಳಿದೆ. ವರ್ತೂರು ಆಚೆ ಎಲ್ಲೋ ಹೋದ್ರು ಸಾರ್ ಅಂದ್ರು, ಹುಡುಗನ ಸ್ಕೂಲು ಏನಾಯ್ತು ಅಂತ ಅವರಿಗೂ ಗೊತ್ತಿರಲಿಲ್ಲ.